ಟಿಕೆಟ್ ತೆಗೆದುಕೊಳ್ಳದ ಬಕ

ಕಾಡುಪ್ರಾಣಿ ನೋಡಬೇಕೆಂದರೆ ನಮ್ಮವರು ನಾಗರಹೊಳೆಗೋ ಬಂಡೀಪುರಕ್ಕೋ ಹೋಗುತ್ತಾರೆ. ಕತ್ತಲಲ್ಲೇ ಎದ್ದು, ಸ್ವೆಟರ್ ತೊಟ್ಟು, ಜೀಪಿನಲ್ಲಿ ಸೊಂಟ ನೋಯಿಸಿಕೊಂಡು ಸುತ್ತಿದರೆ ಸಿಗುವುದು ಒಂದಷ್ಟು ಜಿಂಕೆ, ಜಾಸ್ತಿ ಅಂದರೆ ಆನೆಯ ಲದ್ದಿ. ‘ನೆನ್ನೆ ಇಲ್ಲೇ ಮಲಗಿತ್ತು ಸಾರ್’ ಎಂದು ಡ್ರೈವರ್ ಸಮಾಧಾನ ಹೇಳುತ್ತಾನೆ. ಹುಲಿ ಯಾವಾಗಲೂ ನೆನ್ನೆಯದೇ, ಅಲ್ವಾ? ಲಂಡನ್ನಿನ ರೀಜೆಂಟ್ಸ್ ಕಾಲುವೆಯ ಪ್ರಾಣಿಗಳಿಗೆ ಈ ಬಿಗುಮಾನ ಇಲ್ಲ.

ಮಗಳ ಮನೆಗೆ ಹೋದಾಗೆಲ್ಲ ನನ್ನ ವಾಕಿಂಗ್ ಈ ಕಾಲುವೆಯ ಏರಿಯ ಮೇಲೆ. ಮಂಡ್ಯ ಕಡೆಯವನಿಗೆ ನಾಲೆ ಏರಿ ಹೊಸದೇನಲ್ಲ. ಆದರೆ ನಮ್ಮ ನಾಲೆ ಗದ್ದೆಗೆ ಹರಿಯುತ್ತದೆ, ಇದು ಹರಿದಂತೆ ಕಾಣುವುದೇ ಇಲ್ಲ. ಪ್ಯಾಡಿಂಗ್ಟನ್‌ನಿಂದ ಥೇಮ್ಸ್ ನದಿ ಪಕ್ಕದ ಲೈಮ್‌ಹೌಸ್‌ವರೆಗೆ ಸುಮಾರು 14 ಕಿಲೋಮೀಟರ್. ಸಾಮಾನು ಸಾಗಿಸಲೆಂದು ತೋಡಿದ್ದು, 1820ರಲ್ಲಿ ಕೆಲಸ ಮುಗಿಯಿತು. ದೋಣಿ ಎಳೆಯುತ್ತಿದ್ದದ್ದು ಕುದುರೆಗಳು. ಹಗ್ಗ ಉಜ್ಜಿ ಉಜ್ಜಿ ಸೇತುವೆಯ ಕಬ್ಬಿಣದಲ್ಲೇ ಗೀರು ಬಿದ್ದಿರುವುದನ್ನು ಈಗಲೂ ಬೆರಳಿಟ್ಟು ನೋಡಬಹುದು. ರೈಲಿನ ಸದ್ದಿಗೆ ಬೆದರಿ ಕುದುರೆ ನೀರಿಗೆ ಬಿದ್ದರೆ ಹತ್ತಿ ಬರಲೆಂದು ಅಲ್ಲಲ್ಲಿ ಇಳಿಜಾರು ಕಟ್ಟಿದ್ದಾರೆ. ಕುದುರೆಗಳು ಹೋದವು, ಇಳಿಜಾರು ಬಾತುಕೋಳಿಗಳ ಪಾಲಾಯಿತು.

ಇಲ್ಲಿ ನನಗೆ ಅಚ್ಚುಮೆಚ್ಚಿನದು ನಾಮದ ಕೋಳಿ. ಮೈಯೆಲ್ಲ ಕಪ್ಪು, ಹಣೆಗೆ ಬಿಳಿ ನಾಮ, ಮುಖದಲ್ಲಿ ಸದಾ ಸಿಡುಕು. ನಮ್ಮ ಕೆರೆಗಳಲ್ಲೂ ಇದೆ, ಆದರೆ ದೂರದಲ್ಲಿ ಚುಕ್ಕೆಯ ಹಾಗೆ. ಇಲ್ಲಿ ಕಾಲಿನ ಹತ್ತಿರವೇ ಗೂಡು ಕಟ್ಟುತ್ತದೆ. ಕಡ್ಡಿ, ಎಲೆಯ ಜೊತೆಗೆ ಚಿಪ್ಸ್ ಪ್ಯಾಕೆಟ್ಟು, ಸ್ಟ್ರಾ, ಒಂದೊಂದು ಸಲ ಮುಖದ ಮಾಸ್ಕ್. ಗಂಡ ತರುತ್ತದೆ, ಹೆಂಡತಿ ಜೋಡಿಸುತ್ತದೆ, ಇಷ್ಟವಾಗದಿದ್ದರೆ ಪಕ್ಕಕ್ಕೆ ಎಸೆಯುತ್ತದೆ. (ಯಾವುದು ಗಂಡ, ಯಾವುದು ಹೆಂಡತಿ ಎಂದು ನೋಡಿ ಹೇಳುವುದು ಕಷ್ಟ. ಎಸೆಯುವ ರೀತಿ ನೋಡಿ ನಾನೇ ತೀರ್ಮಾನಿಸಿದ್ದು.) ಆಮ್‌ಸ್ಟರ್‌ಡ್ಯಾಮ್‌ನ ಕಾಲುವೆಯೊಂದರಲ್ಲಿ ಇವುಗಳ ಹಳೆಯ ಗೂಡನ್ನು ಪದರ ಪದರವಾಗಿ ಬಿಡಿಸಿದಾಗ, ಅಡಿಯಲ್ಲಿ 1994ರ ಫುಟ್‌ಬಾಲ್ ವಿಶ್ವಕಪ್ ಜಾಹೀರಾತಿದ್ದ ಚಾಕೊಲೇಟ್ ಕಾಗದ ಸಿಕ್ಕಿತಂತೆ. ಬರೀ ಸೊಪ್ಪುಸದೆಯ ಗೂಡಾದರೆ ಕೊಳೆತು ಹೋಗುತ್ತದೆ. ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಹಾಗಾಗಿ ಹಳೆಯದರ ಮೇಲೆ ಹೊಸ ಮಹಡಿ. ನಾವು ಬಿಸಾಡಿದ್ದಕ್ಕೆ ನಾಚಿಕೆಪಡಬೇಕೋ, ಹಕ್ಕಿಯ ಜಾಣತನಕ್ಕೆ ಭೇಷ್ ಅನ್ನಬೇಕೋ, ನನಗೆ ಗೊತ್ತಾಗುವುದಿಲ್ಲ.

ಏರಿಯ ಮೇಲೆ ಹೀಗೇ ನಡೆದರೆ ಲಂಡನ್ ಝೂ ಬರುತ್ತದೆ. ಕಾಲುವೆ ಅದರ ನಡುವೆಯೇ ಹಾದುಹೋಗುತ್ತದೆ. ಝೂ ಶುರುವಾದದ್ದು 1828ರಲ್ಲಿ, ಅಂದರೆ ಕಾಲುವೆಯೇ ಹಿರಿಯಣ್ಣ. ದಡದ ಮೇಲೆ ದೊಡ್ಡ ಬಲೆಯ ಗೋಪುರವೊಂದಿದೆ. 1960ರ ದಶಕದಲ್ಲಿ ಹಕ್ಕಿಗಳಿಗೆಂದು ಕಟ್ಟಿದ್ದು, 2022ರಿಂದ ಅದರಲ್ಲಿ ಆಫ್ರಿಕಾದ ಕೊಲೊಬಸ್ ಕೋತಿಗಳಿವೆ. ದಾರಿಹೋಕರೆಲ್ಲ ಕತ್ತೆತ್ತಿ ಬಿಟ್ಟಿಯಾಗಿ ಅವನ್ನು ನೋಡುತ್ತಾರೆ. ಅದೇ ಹೊತ್ತಿಗೆ ಕೆಳಗೆ, ಎರಡು ಮಾರು ದೂರದಲ್ಲಿ, ಬೂದು ಬಕ ಧ್ಯಾನಕ್ಕೆ ನಿಂತಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ. ಬಲೆ ಇಲ್ಲ, ಬೋರ್ಡು ಇಲ್ಲ, ಹಾಗಾಗಿ ಅದು ಪ್ರಾಣಿಯ ಲೆಕ್ಕಕ್ಕೆ ಬರುವುದಿಲ್ಲವೇನೋ! ಪಕ್ಕದ ರೀಜೆಂಟ್ಸ್ ಪಾರ್ಕಿನ ಕೆರೆಯಲ್ಲಿ ಈ ಬಕಗಳ ಸಂಸಾರವೇ ಇದೆ. ಝೂನಲ್ಲಿ ಪೆಂಗ್ವಿನ್‌ಗಳಿಗೆ ಮೀನು ಹಾಕುವ ಹೊತ್ತಿಗೆ ಸರಿಯಾಗಿ ಹಾಜರಾಗಿ ಪಾಲು ಹೊಡೆಯುವುದೂ ಉಂಟು. ಒಳಗಿನವರಿಗೆ ಊಟ ಇದೆ, ಸ್ವಾತಂತ್ರ್ಯ ಇಲ್ಲ. ನಮಗೆ ಸ್ವಾತಂತ್ರ್ಯ ಇದೆ, ಊಟ ಸಂಪಾದಿಸಬೇಕು. ಬಕಕ್ಕೆ ಎರಡೂ ಇದೆ.

ಹಂಸಗಳ ವಿಷಯ ಹೇಳದಿರುವುದೇ ಒಳ್ಳೆಯದು. ನಳನ ಸಂದೇಶ ಹೊತ್ತು ದಮಯಂತಿಯ ಬಳಿ ಹೋದ ವಂಶದ್ದು, ಇಲ್ಲಿ ಜಾಗಿಂಗ್ ಮಾಡುವವರ ಮೇಲೆ ಬುಸ್ ಎನ್ನುತ್ತದೆ. ಹಾಲು ನೀರು ಬೇರೆ ಮಾಡುವುದನ್ನಂತೂ ನಾನು ನೋಡಿಲ್ಲ.

ಮರದ ಮೇಲಿಂದ ಕೀ ಕೀ ಎಂದು ಕೂಗಿದರೆ ಅದು ನಮ್ಮದೇ ಗಿಣಿ. ಪಂಜರದಿಂದ ತಪ್ಪಿಸಿಕೊಂಡ, ಬಿಟ್ಟುಬಿಟ್ಟ ಗಿಣಿಗಳ ಸಂತತಿ. ಲಂಡನ್ನಿನ ಪಾರ್ಕುಗಳಲ್ಲೆಲ್ಲ ಈಗ ಅವುಗಳದೇ ಗಲಾಟೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಒಂದು ಜೋಡಿ ಹಾರಿಬಿಟ್ಟದ್ದರಿಂದಲೇ ಇಷ್ಟಾಯಿತು ಎಂಬ ಕಥೆಯಿದೆ. ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಆದರೂ ಊರಿನವರು ಬಿಡಬೇಕಲ್ಲ. ಗಿಣಿ ಕಂಡಾಗ ‘ಇವಕ್ಕೆ ಚಳಿ ಆಗಲ್ವಾ?’ ಎಂದು ಮಗಳನ್ನು ಕೇಳಿದೆ. ‘ನಮಗೆ ಆಗುತ್ತಲ್ಲಪ್ಪಾ, ಆದರೂ ಇದ್ದೀವಿ’ ಎಂದಳು.

ಕಾಲುವೆ ನೋಡಿಕೊಳ್ಳುವ ಟ್ರಸ್ಟಿನವರು ಬಾತುಕೋಳಿಗಳಿಗೆ ಬ್ರೆಡ್ಡಿನ ಬದಲು ಓಟ್ಸ್, ಬಟಾಣಿ, ಮುಸುಕಿನ ಜೋಳ, ಅನ್ನ ಹಾಕಿ ಎನ್ನುತ್ತಾರೆ. ಅದೂ ಸ್ವಲ್ಪವೇ. ಅನ್ನ ಎಂಬುದು ಕಿವಿಗೆ ಬಿದ್ದದ್ದೇ ತಡ, ನನ್ನ ಹೆಂಡತಿಗೆ ಆ ದೇಶದ ಮೇಲಿದ್ದ ಕೋಪ ಅರ್ಧ ಇಳಿಯಿತು. ಒಗ್ಗರಣೆ ಹಾಕಿದ್ದು ಬೇಡ, ಉಪ್ಪು ಬೇಡ, ಬರೀ ಬಿಳಿ ಅನ್ನ ಎಂದು ಅವಳೇ ನಿಯಮವನ್ನೂ ಮಾಡಿದಳು. ಈಗ ರಾತ್ರಿ ಅಡುಗೆಗೆ ಒಂದು ಹಿಡಿ ಅಕ್ಕಿ ಜಾಸ್ತಿ ಬೀಳುತ್ತದೆ. ಬೆಳಗ್ಗೆ ಡಬ್ಬಿಗೆ ತುಂಬುವಾಗ, ‘ಮಿಕ್ಕಿದ್ದು ಕಣೇ’ ಎಂದು ಮಗಳಿಗೆ ಹೇಳುತ್ತಾಳೆ.