ಬಣ್ಣ ನೋಡಿ ಜೀಪಿಗೆ ಬೆಲೆ ಕಟ್ಟುವವರಿಗೆ

ಇವತ್ತು ಬೆಳಿಗ್ಗೆ ಕುಶಾಲನಗರಕ್ಕೆ ಹೋಗಿ ಬಂದಾಗಿನಿಂದ ನನಗೆ ಸಿಟ್ಟು ಇಳಿದಿಲ್ಲ. ಮನೆಯವರ ಹತ್ತಿರ ಕೂಗಾಡುವುದಕ್ಕಿಂತ ಇಲ್ಲಿ ಬರೆಯುವುದೇ ವಾಸಿ ಅನಿಸಿತು. ಸ್ವಲ್ಪ ಉದ್ದ ಆಗಬಹುದು, ಓದಿ.

ವಿಷಯ ನಮ್ಮ ಜೀಪಿನದು. ನಿಮ್ಮಲ್ಲಿ ಎಷ್ಟೋ ಜನ ಅದರಲ್ಲಿ ಕೂತೇ ಕೊಡಗಿನ ನಮ್ಮ ಕಾಫಿ ತೋಟಕ್ಕೆ ಬಂದಿದ್ದೀರಿ. ಸೆಕೆಂಡ್ ಹ್ಯಾಂಡ್ ಗಾಡಿ, ಅಪ್ಪ ಇದ್ದಾಗ ಸಿದ್ದಾಪುರ ಕಡೆಯ ಒಬ್ಬ ಪ್ಲಾಂಟರ್ ಹತ್ತಿರ ತೆಗೆದುಕೊಂಡದ್ದು. ಈಗ ಅದರ ಬಣ್ಣ ಕೆಟ್ಟಿದೆ. ಬಾಗಿಲುಗಳ ಕೆಳಗೆ, ಬಾನೆಟ್ ಅಂಚಿನಲ್ಲಿ, ಹಿಂದಿನ ಚಕ್ರದ ಸುತ್ತ ಗುಳ್ಳೆ ಎದ್ದಿದೆ. ಉಗುರು ತಾಗಿದರೆ ಪೇಂಟ್ ಚಕ್ಕೆ ಏಳುತ್ತದೆ, ಒಳಗೆ ಕೆಂಪು ತುಕ್ಕು. ಇಟ್ಟುಕೊಳ್ಳಬೇಕಾ, ಕೊಡಬೇಕಾ ಎಂದು ಕಳೆದ ಮಳೆಗಾಲದಿಂದ ಮನೆಯಲ್ಲಿ ಮಾತು ನಡೆದೇ ಇದೆ. ಬೆಂಗಳೂರಿನ ಭಾವ ಬಂದಾಗಲೆಲ್ಲ ಅದನ್ನೇ ಹೇಳುತ್ತಾರೆ. "ಕೊಟ್ಟುಬಿಡಮ್ಮ, ಇನ್ನೊಂದು ಮಳೆ ಆದ್ರೆ ಗುಜರಿಯವನೂ ಕೇಳಲ್ಲ." ಸರಿ, ಬೆಲೆಯಾದರೂ ತಿಳಿಯಲಿ ಎಂದು ಹಳೇ ಗಾಡಿ ಮಾರುವ ಒಂದು ಕಡೆಗೆ ತೆಗೆದುಕೊಂಡು ಹೋದೆ.

ಅಲ್ಲಿದ್ದ ಹುಡುಗ ಜೀಪಿನ ಸುತ್ತ ಒಂದು ಸುತ್ತು ಬಂದ. ಬಾನೆಟ್ ಎತ್ತಲಿಲ್ಲ. ಇಂಜಿನ್ ಸ್ಟಾರ್ಟ್ ಮಾಡಿ ಎನ್ನಲಿಲ್ಲ. ಫೋರ್ ವೀಲ್ ಬೀಳುತ್ತಾ, ಲೋ ಗೇರ್ ಕೂರುತ್ತಾ ಎಂದು ಕೇಳಲಿಲ್ಲ. ಬಗ್ಗಿ ಕೆಳಗೆ ನೋಡುವ ಮಾತೇ ಇಲ್ಲ. ಗುಳ್ಳೆ ಎದ್ದ ಜಾಗಕ್ಕೆ ಬೆರಳಿಟ್ಟು "ಮೇಡಂ, ಇದು ಹೋಯ್ತು" ಎಂದು ಒಂದು ರೇಟ್ ಹೇಳಿದ. ನಾಲ್ಕು ಹೊಸ ಟೈರ್ ಹಾಕಿಸಿದರೆ ಮುಗಿದುಹೋಗುವಷ್ಟು ಹಣ. ಆಮೇಲೆ ಪಕ್ಕದಲ್ಲಿದ್ದ ಇನ್ನೊಂದು ಜೀಪು ತೋರಿಸಿದ. ನಮ್ಮದರಷ್ಟೇ ಹಳೆಯದು. ಕಪ್ಪು ಬಣ್ಣ, ಮುಖ ಕಾಣುವಷ್ಟು ಹೊಳಪು. ಅದರ ಬೆಲೆ ನಮ್ಮದಕ್ಕೆ ಹೇಳಿದ್ದರ ಎಷ್ಟೋ ಪಟ್ಟು.

ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರುತ್ತದೆ. ಕರವಸ್ತ್ರದಲ್ಲಿ ಸುತ್ತಿ ಆ ಕಪ್ಪು ಜೀಪಿನ ಬಾಗಿಲಿಗೆ ಇಟ್ಟೆ. ಮೇಲ್ಭಾಗದಲ್ಲಿ ಗಟ್ಟಿಯಾಗಿ ಹಿಡಿಯಿತು. ಕೆಳಗೆ ತಂದರೆ ಜಾರಿ ಬಿತ್ತು. ಅಂದರೆ ಅಲ್ಲಿ ತಗಡಿಲ್ಲ, ಬರೀ ಪುಟ್ಟಿ, ತೂತು ಮುಚ್ಚುವ ಪೇಸ್ಟು. ತೂತಿಗೆ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಬಣ್ಣ ಹೊಡೆದಿದ್ದಾರೆ. ಹಿಂದಿನ ಸ್ಪ್ರಿಂಗ್ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿಗೆ) ಸೇರುವ ಜಾಗಕ್ಕೆ ಕೈ ಹಾಕಿದೆ. ಹೊಸದಾಗಿ ಬಳಿದ ಕಪ್ಪು ಅಂಡರ್‌ಕೋಟ್. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ತುಕ್ಕಿನ ಹಾಳೆಗಳು ಉದುರಿದವು. ಆ ಹುಡುಗನಿಗೆ ಸಿಟ್ಟು ಬಂತು. ನನಗೆ ಅವನಿಗಿಂತ ಜಾಸ್ತಿ ಬಂತು. ನಾಳೆ ಯಾರೋ ಒಬ್ಬರು ಸಾಲ ಮಾಡಿ ಅದನ್ನು ಕೊಂಡು, ಮಕ್ಕಳನ್ನು ಕೂರಿಸಿಕೊಂಡು ಭಾಗಮಂಡಲದ ತಿರುವುಗಳಲ್ಲಿ ಇಳಿಯುತ್ತಾರೆ. ಆ ಸ್ಪ್ರಿಂಗ್ ಬ್ರಾಕೆಟ್ ಕಿತ್ತುಬಂದರೆ?

ಬಣ್ಣ ಬೇರೆ, ಬಲ ಬೇರೆ. ಇದನ್ನು ಎಷ್ಟು ಸಲ ಹೇಳಿದರೂ ನಮ್ಮವರ ತಲೆಗೆ ಹೋಗುವುದಿಲ್ಲ. ನಮ್ಮ ಜೀಪಿನಂಥ ಗಾಡಿಗಳಿಗೆ ಕೆಳಗೆ ಬೇರೆಯೇ ಒಂದು ಚಾಸಿ ಇರುತ್ತದೆ. ಉದ್ದಕ್ಕೆ ಎರಡು ದಪ್ಪ ಕಬ್ಬಿಣ, ನಡುವೆ ಅಡ್ಡಪಟ್ಟಿಗಳು. ಇಂಜಿನ್, ಗೇರ್‌ಬಾಕ್ಸ್, ಸ್ಪ್ರಿಂಗ್, ಸ್ಟೀರಿಂಗ್ ಎಲ್ಲ ಭಾರವೂ ಅದರ ಮೇಲೆ. ಬಾಡಿಯನ್ನು ರಬ್ಬರ್ ಇಟ್ಟು ಬೋಲ್ಟ್ ಹಾಕಿ ಮೇಲೆ ಕೂರಿಸಿರುತ್ತಾರೆ, ಅಷ್ಟೇ. ಬಾಡಿಯ ತಗಡು ಒಂದು ಮಿಲಿಮೀಟರ್ ಆಸುಪಾಸು. ಅದು ಹೋದರೆ ಕತ್ತರಿಸಿ ಬೇರೆ ತಗಡು ಹಾಕಬಹುದು. ಸಾಮಾನ್ಯ ಕಾರುಗಳಲ್ಲಿ ಹಾಗಲ್ಲ, ಅಲ್ಲಿ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿ ಕೊಳೆತರೆ ಗಾಡಿಯ ಶಕ್ತಿಯೇ ಹೋಗುತ್ತದೆ. ಜೀಪಿನಲ್ಲಿ ಮೊದಲು ನೋಡಬೇಕಾದ್ದು ಚಾಸಿ, ಆಮೇಲೆ ಉಳಿದದ್ದು.

ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಅರೇಬಿಕಾ ಕಾಫಿ ಗಿಡದ ಎಲೆ ಹಸಿರಾಗಿದೆ ಎಂದು ನಾವು ಸುಮ್ಮನಿರುತ್ತೇವಾ? ಕಾಂಡ ಸವರಿ ನೋಡುತ್ತೇವೆ. ಬಿಳಿ ಕಾಂಡ ಕೊರಕ ಹುಳು ಹೊಕ್ಕ ಉಬ್ಬು ಕೈಗೆ ಸಿಕ್ಕಿದರೆ ಕಿತ್ತು ಸುಡುತ್ತೇವೆ. ಇಷ್ಟು ಗೊತ್ತಿರುವ ಜನ ಜೀಪು ಕೊಳ್ಳುವಾಗ ಎಲೆ ಮಾತ್ರ ನೋಡಿ ಬರುತ್ತಾರೆ.

ಭಾವನಿಗೂ ಇದನ್ನೇ ಹೇಳಿದ್ದೆ. ಅವರು ನಂಬಲಿಲ್ಲ. ಹಾಗಾಗಿ ಹೋದ ತಿಂಗಳು ನಾಪೋಕ್ಲು ಕಡೆಯ ನಮ್ಮ ಮೆಕ್ಯಾನಿಕ್ ಕಾಕನ ಹತ್ತಿರ ಪೂರ್ತಿ ನೋಡಿಸಿದ್ದೆ. ಮೊದಲು ಕೆಳಗೆ ನೀರು ಹೊಡೆಸಿ ಮಣ್ಣು ತೆಗೆಸಿದೆವು. ಮಣ್ಣು ಇದ್ದರೆ ಏನೂ ಕಾಣುವುದಿಲ್ಲ. ಕಾಕ ಸಣ್ಣ ಸುತ್ತಿಗೆ ಹಿಡಿದು ಮುಂದಿನಿಂದ ಹಿಂದಿನವರೆಗೆ ಚಾಸಿ ತಟ್ಟಿಕೊಂಡು ಹೋದರು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ, ಕೊಳೆತದ್ದಕ್ಕೆ ಆ ಸದ್ದು ಇರುವುದಿಲ್ಲ. ನಮ್ಮದು ಟಣ್ ಎಂದಿತು. ಸ್ಪ್ರಿಂಗ್ ಕೂರುವ ಜಾಗ, ಸ್ಟೀರಿಂಗ್ ಬಾಕ್ಸ್ ಬಿಗಿದ ಜಾಗ, ಅಡ್ಡಪಟ್ಟಿ ಸೇರುವ ಮೂಲೆ ಎಲ್ಲವೂ ಗಟ್ಟಿ. ಮೇಲೆ ಕಂದು ಬಣ್ಣದ ತೆಳು ತುಕ್ಕು ಇದೆ, ಬ್ರಷ್ ಹಾಕಿ ಉಜ್ಜಿದರೆ ಒಳಗೆ ಒಳ್ಳೆ ಕಬ್ಬಿಣ. ಹಿಂದೆ ಎಡಗಡೆ ಬಾಡಿ ಕೂರುವ ಒಂದು ಬ್ರಾಕೆಟ್ ತಿಂದುಹೋಗಿದೆ. ಡ್ರೈವರ್ ಕಾಲಿಡುವ ಕಡೆ ಮ್ಯಾಟ್ ಎತ್ತಿದರೆ ರೂಪಾಯಿ ನಾಣ್ಯದಷ್ಟು ತೂತು. ಬ್ರೇಕ್ ಪೈಪಿಗೂ ತುಕ್ಕು ಹಿಡಿದಿತ್ತು. ಅದನ್ನು ಮಾತ್ರ ಅವತ್ತೇ ಬದಲಾಯಿಸಿದೆವು, ಬ್ರೇಕ್ ವಿಷಯದಲ್ಲಿ ನಾಳೆ ಎನ್ನುವಂತಿಲ್ಲ. "ಚಾಸಿ ಚೆನ್ನಾಗುಂಟು, ಕೊಡ್ಬೇಡಿ ಅಮ್ಮ" ಎಂದರು ಕಾಕ. ಅವರು ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ.

ಬಣ್ಣ ಯಾಕೆ ಹೋಗುತ್ತದೆ ಎಂದರೆ, ನಾವು ಇರುವ ಜಾಗ ಹಾಗಿದೆ. ನಮ್ಮ ಕಡೆ ಮಳೆ ನೂರು ಇಂಚು ದಾಟುವುದು ಮಾಮೂಲು. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಒಗೆದ ಬಟ್ಟೆ ಒಲೆಯ ಮೇಲೆ ಕಟ್ಟಿ ಒಣಗಿಸುವ ಊರಿನಲ್ಲಿ ಕಬ್ಬಿಣ ಒಣಗಿರುತ್ತದಾ? ಬಣ್ಣಕ್ಕೆ ಎಲ್ಲೋ ಒಂದು ಗೀರು ಬಿದ್ದರೆ ಸಾಕು. ನೀರು ಒಳಗೆ ಹೋಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಅದಕ್ಕೇ ಮೇಲಿನ ಬಣ್ಣವನ್ನು ಎತ್ತಿ ಗುಳ್ಳೆ ಮಾಡುತ್ತದೆ. ಬಾಗಿಲಿನ ಅಡಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಅದರಲ್ಲಿ ಮಣ್ಣು, ಸಿಲ್ವರ್ ಓಕ್ ಮರದ ಎಲೆ ಸೇರಿ ಮುಚ್ಚಿಕೊಂಡರೆ ಬಾಗಿಲಿನೊಳಗೆ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ. ನಿಮ್ಮ ಗಾಡಿಗಳ ತೂತುಗಳನ್ನು ಈ ವಾರವೇ ಒಂದು ತಂತಿ ಹಾಕಿ ಬಿಡಿಸಿ ನೋಡಿ.

ಇನ್ನು ತೋಟದ ಕೆಲಸ. ಗಿಡದ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವಾಗ ಡ್ರಮ್ಮು, ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಎಲ್ಲ ಹೋಗುವುದು ಜೀಪಿನ ಹಿಂದೆಯೇ. ಒಂದು ಪರ್ಸೆಂಟ್ ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದ ನೋಡಲು ಚಾಕು ಅದ್ದುತ್ತೇವೆ, ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಅರ್ಥ. ಅಂದರೆ ಮೈಲುತುತ್ತದ ನೀರು ಕಬ್ಬಿಣವನ್ನು ಕರಗಿಸಿ, ಆ ಜಾಗದಲ್ಲಿ ತಾಮ್ರ ಬಿಡುತ್ತದೆ. ಚಾಕುವಿಗೆ ಮಾಡಿದ್ದನ್ನು ಅದು ಜೀಪಿನ ತಗಡಿಗೂ ಮಾಡುತ್ತದೆ. ಗೊಬ್ಬರ ಹಾಕುವ ಕಾಲಕ್ಕೆ ಪೊಟ್ಯಾಷ್ ಚೀಲ. ಅದು ಕ್ಲೋರೈಡ್ ಉಪ್ಪು, ಚೆಲ್ಲಿದ ಕಡೆ ತೇವ ಹಿಡಿದಿಟ್ಟುಕೊಂಡು ತಿನ್ನುತ್ತದೆ. ಇಷ್ಟೆಲ್ಲ ಹೊತ್ತ ಗಾಡಿಯ ಬಣ್ಣ ಶೋರೂಮಿನಲ್ಲಿ ಇದ್ದ ಹಾಗೇ ಇರಬೇಕು ಎಂದು ಕೇಳುವುದು ನ್ಯಾಯವೇ ಅಲ್ಲ.

ಭಾವನ ಮಾತಿನಲ್ಲಿ ಒಂದು ವಿಷಯ ಮಾತ್ರ ನಿಜ. ಹೊಸ ಗಾಡಿ ಹೆಚ್ಚು ಸುರಕ್ಷಿತ. 2019ರಿಂದ ಹೊಸ ಕಾರುಗಳಿಗೆ ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಹಾಕಿದರೂ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ, ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. ನಮ್ಮ ಜೀಪಿನಲ್ಲಿ ಎರಡೂ ಇಲ್ಲ. ಹೆದ್ದಾರಿಯಲ್ಲಿ ದಿನವೂ ಓಡಾಡುವವಳಾಗಿದ್ದರೆ ನಾನೂ ಹೊಸದನ್ನೇ ನೋಡುತ್ತಿದ್ದೆ. ಆದರೆ ಈ ಜೀಪು ಹೋಗುವುದೆಲ್ಲಿಗೆ? ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ, ಕಣದಿಂದ ನಾಪೋಕ್ಲಿಗೆ. ಬಹಳ ದೂರ ಎಂದರೆ ಮಡಿಕೇರಿ, ಇವತ್ತಿನ ಹಾಗೆ ಅಪರೂಪಕ್ಕೆ ಕುಶಾಲನಗರ. ಬೆಂಗಳೂರಿಗೆ ನಾನು ಬಸ್ಸಿನಲ್ಲೇ ಹೋಗುವುದು. ಜಾರುವ ಏರಿನಲ್ಲಿ ಲೋ ಗೇರ್ ಹಾಕಿ ನಡಿಗೆಯ ವೇಗದಲ್ಲಿ ಹತ್ತುವುದೇ ಇದರ ಮುಖ್ಯ ಕೆಲಸ. ಏರ್‌ಬ್ಯಾಗ್ ಮಾತು ಅಲ್ಲಿಗೆ ಮುಗಿಯಿತು. ಸುರಕ್ಷತೆ ಎಂದು ಅಷ್ಟು ಹೇಳುವವರು ಪುಟ್ಟಿ ತುಂಬಿದ ಆ ಕಪ್ಪು ಜೀಪನ್ನು ಏನೂ ಕೇಳದೆ ಒಪ್ಪುತ್ತಿದ್ದರು. ಅದು ನನ್ನ ತಕರಾರು.

ಇನ್ನೊಂದು, "15 ವರ್ಷ ಆದ್ಮೇಲೆ ಓಡಿಸೋ ಹಾಗೇ ಇಲ್ಲ" ಎನ್ನುವ ಮಾತು. ಅದು ದೆಹಲಿ ಸುತ್ತಮುತ್ತಲಿನ ಕಥೆ. ಕೊಡಗಿನ ಕೆಎ 12 ನಂಬರಿನ ನಮ್ಮ ಗಾಡಿಗೆ 15 ತುಂಬುವ ಹೊತ್ತಿಗೆ ಆರ್‌ಟಿಒಗೆ ಒಯ್ದು ತೋರಿಸಿ, ಪಾಸಾದರೆ ಮುಂದಿನ 5 ವರ್ಷಕ್ಕೆ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು, ಅದು ಭಾರವೇ. ಆದರೂ ಹೊಸ ಫೋರ್ ವೀಲ್ ಡ್ರೈವ್ ಗಾಡಿಗೆ ಹತ್ತು ಲಕ್ಷದ ಮೇಲೆ ಬೇಕು. ನಮ್ಮದು ಬರುವ ವರ್ಷ 15 ಮುಟ್ಟುತ್ತದೆ. ತೋರಿಸುತ್ತೇನೆ.

ಹಣದ ಮಾತನ್ನು ಮುಚ್ಚಿಡುವುದಿಲ್ಲ. ಹೊಸ ಗಾಡಿ ನನ್ನ ಕೈಗೆ ಎಟುಕುವುದಿಲ್ಲ. ತೋಟದ ಸಾಲ ಇದೆ, ಮಗಳ ಕಾಲೇಜು ಇದೆ. ಆದರೆ ಕೈಯಲ್ಲಿ ಹಣ ಇದ್ದಿದ್ದರೂ ಇದನ್ನು ಕೊಡುತ್ತಿದ್ದೆನಾ ಎಂದು ಕೇಳಿದರೆ, ಇಲ್ಲ. ಅಪ್ಪ ತೀರಿಕೊಂಡ ವರ್ಷ, ಹೆಂಗಸು ಒಬ್ಬಳೇ ತೋಟ ನೋಡಿಕೊಳ್ಳುತ್ತಾಳಾ ಎಂದು ಕೇಳಿದವರಿದ್ದರು. ಜುಲೈ ಮಳೆಯಲ್ಲಿ, ಮರ ಬಿದ್ದು ಕರೆಂಟ್ ಇಲ್ಲದ ರಾತ್ರಿ, ತೋಟದ ಕಾರ್ಮಿಕರ ಲೈನ್ ಮನೆಯ ಬಸುರಿ ಹುಡುಗಿಯನ್ನು ಆಸ್ಪತ್ರೆಗೆ ಮುಟ್ಟಿಸಿದ್ದು ಈ ಜೀಪಿನಲ್ಲಿ. ಆವತ್ತು ಕೈ ನಡುಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅದಾದ ಮೇಲೆ ನನಗೆ ಈ ತೋಟ ನಡೆಸಬಲ್ಲೆ ಎಂಬ ಧೈರ್ಯ ಬಂತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಈ ಜಿಲ್ಲೆಯ ರಸ್ತೆಗಳು ಏನಾದವು ಎಂದು ನಿಮಗೆ ಹೇಳಬೇಕಾಗಿಲ್ಲ. ಅಂಥ ಊರಿನಲ್ಲಿ ಗಟ್ಟಿ ಚಾಸಿಯ, ನಾಲ್ಕೂ ಚಕ್ರ ಎಳೆಯುವ ಗಾಡಿಯನ್ನು ಬಾಗಿಲಿನ ಗುಳ್ಳೆಗೆ ಹೆದರಿ ಗುಜರಿಗೆ ಹಾಕುವುದು ನನ್ನಿಂದ ಆಗದು.

ಇಟ್ಟುಕೊಳ್ಳುತ್ತೇನೆ. ಸುಮ್ನೆ ಹಾಗೇ ಬಿಡುವುದಿಲ್ಲ, ಸರಿ ಮಾಡಿಸಿ ಇಟ್ಟುಕೊಳ್ಳುತ್ತೇನೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ನಮ್ಮ ತೇವದಲ್ಲಿ ಬರಿ ಕಬ್ಬಿಣ ಉಜ್ಜಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮತ್ತೆ ಕೆಂಪು. ಹುತ್ತರಿ ಹಬ್ಬ ಕಳೆದು, ಕಾಫಿ ಕೊಯ್ಲಿನ ಓಡಾಟ ಸ್ವಲ್ಪ ಇಳಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು ಮುಗಿಸಬೇಕು. ತೂತಾದ ಜಾಗ ಕತ್ತರಿಸಿ ತಗಡು ಬೆಸುಗೆ ಹಾಕಿಸುವುದು. ಉಳಿದ ತುಕ್ಕನ್ನು ಹೊಳೆಯುವ ಕಬ್ಬಿಣ ಕಾಣುವವರೆಗೆ ತೆಗೆದು, ಅದೇ ದಿನ ಬಣ್ಣದ ಅಡಿಗೆ ಹಾಕುವ ಎಪಾಕ್ಸಿ ಪ್ರೈಮರ್ ಹೊಡೆಯುವುದು. ಪುಟ್ಟಿ ಬೇಕಾದರೆ ಪ್ರೈಮರ್ ಮೇಲೆ, ತೆಳುವಾಗಿ. ತುಕ್ಕಿನ ಮೇಲೆ ಪುಟ್ಟಿ ಮೆತ್ತಿದರೆ ಅದು ತೇವ ಹೀರಿಕೊಂಡು ಒಳಗೊಳಗೇ ತಿನ್ನುತ್ತದೆ. ಬಾಗಿಲ ಒಳಗಿನ ಟೊಳ್ಳಿಗೆ ವ್ಯಾಕ್ಸ್. ಸುಟ್ಟ ಇಂಜಿನ್ ಆಯಿಲ್ ಬಳಿಯಿರಿ ಎಂದು ಹಳಬರು ಹೇಳುತ್ತಾರೆ. ಚಾಸಿಗೆ ನೀರು ತಾಗದಂತೆ ಅದು ಸ್ವಲ್ಪ ತಡೆಯಬಹುದು, ಆದರೆ ರಬ್ಬರ್ ಬುಷ್‌ಗಳಿಗೆ ತಾಗಿದರೆ ಅವು ಮೆತ್ತಗಾಗಿ ಹಾಳಾಗುತ್ತವೆ, ಮಣ್ಣಿಗೂ ಸೋರುತ್ತದೆ. ನಾನು ಬಳಿಯುವುದಿಲ್ಲ. ಬಣ್ಣ ಹಳೆಯದೇ ಇರಲಿ, ಬೇರೆ ಬಣ್ಣ ಹೊಡೆದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. ಹಿಂದೆ ಒಂದು ದಪ್ಪ ರಬ್ಬರ್ ಹಾಳೆ ಹಾಸಿ, ಬೋರ್ಡೋ ಡ್ರಮ್ಮಿಗೆ ಟ್ರೇ ಮಾಡಿಸುತ್ತೇನೆ. ಗೊಬ್ಬರ ತಂದ ದಿನವೇ ತೊಳೆಯಲೇಬೇಕು ಎಂದು ತೋಟದ ಲೆಕ್ಕ ನೋಡುವ ರೈಟರಿಗೂ ಹೇಳಿ ಆಗಿದೆ.

ಈಗ ನಿಮ್ಮಿಂದ ನನಗೆ ಬೇಕಾದ್ದು ಒಂದೇ. ವಿರಾಜಪೇಟೆ, ಗೋಣಿಕೊಪ್ಪ, ಮಡಿಕೇರಿ, ಎಲ್ಲಾದರೂ ಸರಿ, ತೂತಿಗೆ ಪುಟ್ಟಿ ತುಂಬದೆ ತಗಡು ಕತ್ತರಿಸಿ ಕೂರಿಸುವ ಟಿಂಕರ್ ಗೊತ್ತಿದ್ದರೆ ಮೆಸೇಜ್ ಮಾಡಿ. ಕೆಲಸ ನಡೆಯುವಾಗ ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ, ಪ್ರೈಮರ್ ಹೊಡೆಯುವ ಮೊದಲು ನನಗೆ ಕಬ್ಬಿಣ ತೋರಿಸಬೇಕು ಎಂದು ಮೊದಲೇ ಅವರಿಗೆ ತಿಳಿಸಿಬಿಡಿ. ಜೀಪು ಕೊಡುತ್ತೀರಾ ಎಂದು ಕೇಳಲು ಮಾತ್ರ ಯಾರೂ ಫೋನ್ ಮಾಡಬೇಡಿ.