ತಳೆ ಬಿಡೋಣವೇ, ದೋಟಿ ಹಿಡಿಯೋಣವೇ?

ಕಾಲಿಗೆ ತಳೆ ಎಂಬ ಬಳೆ ತೊಟ್ಟು ಅಡಿಕೆ ಮರ ಹತ್ತುವುದನ್ನು ಪೂರ್ತಿ ನಿಲ್ಲಿಸಿ, ಕೊಯ್ಲಿಗೂ ಮದ್ದು ಸಿಂಪಡಿಸಲಿಕ್ಕೂ ನೆಲದಿಂದಲೇ ಎತ್ತಿ ಹಿಡಿಯುವ ಉದ್ದ ಕೋಲನ್ನು, ಅಂದರೆ ಕಾರ್ಬನ್ ಫೈಬರ್ ದೋಟಿಯನ್ನೇ ನೆಚ್ಚಿಕೊಳ್ಳಬಹುದೇ? ಈ ಪ್ರಶ್ನೆಗೆ ಬರೆದ ಇಬ್ಬರೂ ಕಾಸರಗೋಡಿನ ಪೆರ್ಲ ಕಡೆಯ ಕೃಷಿಕರು, ನೆರೆಕರೆಯವರು. ಒಬ್ಬರು ಎಂಜಿನಿಯರಿಂಗ್ ಕಲಿತು ತೋಟಕ್ಕೆ ಮರಳಿದವರು. ಇನ್ನೊಬ್ಬರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮಾಷ್ಟ್ರು, ಮೊದಲನೆಯವರನ್ನು ‘ಭಾವ’ ಎಂದು ಕರೆಯುವವರು.

ಪರ: ನೆಲದಲ್ಲಿ ನಿಂತವನು ಬೀಳುವುದಿಲ್ಲ

ನಮ್ಮ ತೋಟದಲ್ಲಿ ಇಪ್ಪತ್ತೈದು ವರ್ಷ ಮರ ಹತ್ತಿದವರು ಈಗ ತಮ್ಮ ಮನೆಯ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿರುತ್ತಾರೆ. ಅಂದು ಜುಲೈ, ಎರಡನೇ ಸುತ್ತಿನ ಮದ್ದು. ಮಳೆ ಬಿಟ್ಟು ಗಂಟೆಯೂ ಆಗಿರಲಿಲ್ಲ. ಮರದ ಮೈಗೆ ಹಸಿರು ಪಾಚಿ ಹಿಡಿದಿತ್ತು. ತಳೆ ಜಾರಿದ್ದು ನನಗೆ ಕಾಣಲಿಲ್ಲ, ಪಂಪು ಒತ್ತುತ್ತಿದ್ದೆ. ಸದ್ದು ಕೇಳಿ ತಿರುಗಿದೆ. ಆಸ್ಪತ್ರೆ ಅಂದರೆ ನಮಗೆ ತಲಪಾಡಿ ದಾಟಿ ಮಂಗಳೂರು. ಜೀವ ಉಳಿಯಿತು, ಸೊಂಟದಿಂದ ಕೆಳಗೆ ಬಲ ಮರಳಲಿಲ್ಲ.

ಲೆಕ್ಕ ಹಾಕಬಾರದಿತ್ತು, ಆದರೂ ಹಾಕಿದೆ. ಹನ್ನೆರಡು ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟಲು ಒಂದೂವರೆ ಸೆಕೆಂಡು ಸಾಕು. ಮುಟ್ಟುವಾಗ ವೇಗ ಗಂಟೆಗೆ 55 ಕಿಲೋಮೀಟರ್. ನಮ್ಮ ಪೆರ್ಲದ ತಿರುವುಗಳಲ್ಲಿ ಬಸ್ಸು ಕೂಡ ಅಷ್ಟು ವೇಗದಲ್ಲಿ ಹೋಗುವುದಿಲ್ಲ.

ಕಾರ್ಖಾನೆಗಳ ಸುರಕ್ಷತೆಯ ಪಾಠದಲ್ಲಿ ಒಂದು ಏಣಿ ಇದೆ. ಅದರ ತುದಿಯ ಮೆಟ್ಟಿಲು, ಅಪಾಯವನ್ನೇ ಇಲ್ಲವಾಗಿಸುವುದು. ಆಗದಿದ್ದರೆ ಬದಲಿ ವಿಧಾನ, ಅದೂ ಆಗದಿದ್ದರೆ ತಡೆಬೇಲಿ, ಆಮೇಲೆ ತರಬೇತಿ ಮತ್ತು ನಿಯಮ. ಹೆಲ್ಮೆಟ್ಟು, ಸೊಂಟಪಟ್ಟಿ ಬರುವುದು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ. ಅಡಿಕೆಯ ವಿಷಯದಲ್ಲಿ ಇಷ್ಟು ವರ್ಷ ನಾವು ಆ ಕೊನೆಯ ಮೆಟ್ಟಿಲನ್ನೂ ಏರಿರಲಿಲ್ಲ. ತೆಂಗಿಗಾಗಿ ಕಾಸರಗೋಡಿನಲ್ಲಿ ಸಂಶೋಧನಾ ಕೇಂದ್ರ 1916ರಿಂದ ಇದೆ, ಅಡಿಕೆಗಾಗಿ ವಿಟ್ಲದಲ್ಲಿ 1956ರಿಂದ ಇದೆ. ಹತ್ತುವವನ ಕಾಲಿಗೆ ಮಾತ್ರ ಮೊನ್ನೆಮೊನ್ನೆಯವರೆಗೂ ಅಜ್ಜನ ಕಾಲದ ಗೋಣಿ ತಳೆಯೇ ಗತಿ.

ದೋಟಿ ನಮಗೆ ಹೊಸದಲ್ಲ. ಬಿದಿರಿನ ದೋಟಿಯಲ್ಲಿ ಮಾವು, ಹಲಸು, ಎಳೆಯ ಕಂಗಿನ (ಅಡಿಕೆ ಮರದ) ಗೊನೆ ಎಲ್ಲವನ್ನೂ ಎಳೆದವರೇ ನಾವು. ಆದರೆ ಅರುವತ್ತು ಅಡಿಯ ಬಿದಿರನ್ನು ಒಬ್ಬನೇ ಎತ್ತಿ ನಿಲ್ಲಿಸಲಿ, ನೋಡೋಣ. ಕೋಲು ತನ್ನದೇ ಭಾರಕ್ಕೆ ಬಾಗುವ ಪ್ರಮಾಣ ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. ಅದೇ ದಪ್ಪದಲ್ಲಿ ಉದ್ದ ಎರಡು ಪಾಲಾದರೆ ಬಾಗು ಹದಿನಾರು ಪಾಲು! ಅಲ್ಯೂಮಿನಿಯಂ ಕೊಳವೆಯಲ್ಲಿ ಪ್ರಯತ್ನಿಸಿದವರಿಗೆ ಇದು ಕೈಯಾರೆ ಗೊತ್ತು. ತುದಿ ಮೀನಿನ ಗಾಳದ ಹಾಗೆ ಆಡುತ್ತದೆ. ಕಾರ್ಬನ್ ಫೈಬರು ಗೆದ್ದದ್ದು ಇಲ್ಲಿಯೇ. ಆಕ್ರಿಲಿಕ್ ಜಾತಿಯ ನೂಲನ್ನು ಗಾಳಿ ತಾಗದಂತೆ ಸಾವಿರ ಡಿಗ್ರಿಗೂ ಮೇಲೆ ಕಾಯಿಸಿದರೆ ಇಂಗಾಲ ಮಾತ್ರ ಉಳಿದು ಎಳೆಯಾಗುತ್ತದೆ. ಕೂದಲಿಗಿಂತ ಹತ್ತು ಪಾಲು ತೆಳು. ರಾಳದಲ್ಲಿ ಕೂರಿಸಿದ ಆ ಎಳೆಗಳ ಕೊಳವೆ ಅಲ್ಯೂಮಿನಿಯಂಗಿಂತ ಹಗುರ, ಎಳೆಯ ದಿಕ್ಕಿನಲ್ಲಿ ಅದಕ್ಕಿಂತ ಬಿಗಿ. ನಮ್ಮ ಮನೆಯ ದೋಟಿಯನ್ನು ನಾನೇ ಎತ್ತುತ್ತೇನೆ. ಬೆಲೆ ಅರ್ಧ ಲಕ್ಷ ದಾಟಿತು ಎಂಬುದನ್ನು ಮನೆಯಾಕೆ ಇನ್ನೂ ಮರೆತಿಲ್ಲ.

ಮದ್ದಿನ ಮಾತಿಗೆ ಬರುತ್ತೇನೆ, ಏಕೆಂದರೆ ಜೀವ ಹೋಗುವುದು ಕೊಯ್ಲಿಗಿಂತ ಮದ್ದಿನ ಸಮಯದಲ್ಲೇ. ಕೊಳೆರೋಗ ತರುವ ಫೈಟಾಫ್ತೋರಾ ನೋಡಲು ಶಿಲೀಂಧ್ರದಂತಿದ್ದರೂ ಆ ಬಳಗದ್ದಲ್ಲ; ಅದರ ಬೀಜಾಣು ನೀರಿನ ಪೊರೆಯಲ್ಲಿ ಈಜಿಕೊಂಡು ಕಾಯಿಗೆ ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಮದ್ದು ಬಿಟ್ಟರೆ ಪ್ರಯೋಜನವಿಲ್ಲ, ಮಳೆಗಾಲದ ನಡುವೆ ಬಿಡದೆ ವಿಧಿಯಿಲ್ಲ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆ ಹೇಳಿದ ಬೋರ್ಡೋ ದ್ರಾವಣವನ್ನು ಅಡಿಕೆಗೆ ತಂದವರಲ್ಲಿ ಮುಖ್ಯರು ಲೆಸ್ಲಿ ಕೋಲ್ಮನ್. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದು 1910ರಲ್ಲಿ ಕೊಳೆರೋಗದ ವರದಿ ಬರೆದವರು.

ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣದ ನೀರಿಗೆ ಮೈಲುತುತ್ತನ್ನು ಹೊಯ್ಯಬೇಕು, ತಿರುಗುಮುರುಗು ಆಗಬಾರದು. ಅಪ್ಪ ಪೀಶಕತ್ತಿಯನ್ನು ಅದರಲ್ಲಿ ಅದ್ದಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಅಲಗಿನ ಮೇಲೆ ಕೆಂಪು ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಕಬ್ಬಿಣದ ಜಾಗಕ್ಕೆ ಬಂದು ಕೂತಿದೆ, ಇನ್ನೊಂದು ಚಿಪ್ಪು ಸುಣ್ಣ ಹಾಕು ಎಂದರ್ಥ. ಹೀಗೆ ಹದ ಮಾಡಿದ ಮದ್ದು ಅಂದಂದೇ ಮುಗಿಯಬೇಕು. ಜೂನಿನಲ್ಲಿ ಹತ್ತುವವರು ಸಿಕ್ಕುವುದು ಒಂದು ದಿನ. ಆ ದಿನ ಮಳೆ ಬಂದರೆ ಏನು ಮಾಡುತ್ತಾರೆ? ಹತ್ತುತ್ತಾರೆ. ಕೂಲಿ ಬಿಡಲಾಗದು ಅವರಿಗೆ, ಬೆಳೆ ಬಿಡಲಾಗದು ನಮಗೆ. ದೋಟಿಯಾದರೆ ಕಾಯಬಹುದು. ಹದಿನೈದು ನಿಮಿಷ ಬಿಸಿಲು ಕಂಡರೆ ನಾಲ್ಕು ಮರ, ಮತ್ತೆ ಕೊಟ್ಟಿಗೆಗೆ ಓಟ.

ಡ್ರೋನ್ ತನ್ನಿ ಎನ್ನುವವರಿದ್ದಾರೆ. ನಮ್ಮ ಎಣ್ಮಕಜೆ ಪಂಚಾಯತಿನವರಿಗೆ ಆಕಾಶದಿಂದ ಮದ್ದು ಬೀಳುವುದು ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ; ಸುಪ್ರೀಂ ಕೋರ್ಟು ದೇಶದಲ್ಲೇ ತಡೆದದ್ದು 2011ರ ಮೇ 13ಕ್ಕೆ. ಮೈಲುತುತ್ತು ಎಂಡೋಸಲ್ಫಾನ್ ಅಲ್ಲ ಎಂಬ ರಸಾಯನಶಾಸ್ತ್ರ ನನಗೂ ಗೊತ್ತು. ಆದರೂ ನಮ್ಮೂರಲ್ಲಿ ರೆಕ್ಕೆಯ ಸದ್ದು ಕೇಳಿದರೆ ಅಮ್ಮಂದಿರು ಬಾವಿಗೆ ಮುಚ್ಚಳ ಹುಡುಕುತ್ತಾರೆ. ಅದು ಅವರ ತಪ್ಪಲ್ಲ.

ನಮ್ಮ ಮಾಷ್ಟ್ರು ಕರೆಂಟಿನ ಲೈನಿನ ವಿಷಯ ಎತ್ತುತ್ತಾರೆಂದು ಗೊತ್ತಿದೆ. ಲೈನು ಇದ್ದಲ್ಲಿಗೆ ದೋಟಿ ಒಯ್ಯದಿದ್ದರೆ ಆಯಿತಲ್ಲ, ಮಾಷ್ಟ್ರೇ? ಹತ್ತುವವನಿಗೆ ಪ್ರತಿ ಮರವೂ ಅಪಾಯ. ದೋಟಿಯವನಿಗೆ ಲೈನಿನ ಅಡಿಯ ಹತ್ತು ಮರ ಮಾತ್ರ.

ವಿರೋಧ: ಭಾವನ ಏಣಿಯಲ್ಲಿ ಒಂದು ಮೆಟ್ಟಿಲು ಸಡಿಲ

ಜಗಲಿಯಲ್ಲಿ ಕೂತವರನ್ನು ನಾನೂ ದಿನಾ ನೋಡುತ್ತೇನೆ. ಅವರ ಮಗನಿಗೆ ಪಾಠ ಹೇಳಿದವನು ನಾನು. ಹಾಗಾಗಿ ತಳೆಯ ಪರವಾಗಿ ವಾದಿಸುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ನನ್ನ ತಕರಾರು ಆ ‘ಪೂರ್ತಿ’ ಎಂಬ ಮಾತಿನ ಮೇಲೆ, ಮತ್ತು ಅಪಾಯ ಇಲ್ಲವಾಯಿತು ಎಂಬ ನಂಬಿಕೆಯ ಮೇಲೆ. ಭಾವ ಏರಿದ್ದು ಏಣಿಯ ಎರಡನೇ ಮೆಟ್ಟಿಲಿಗೆ. ಒಂದು ವಿಧಾನ ಹೋಗಿ ಇನ್ನೊಂದು ಬಂದಿದೆ, ಹಳೆಯ ಅಪಾಯದ ಜಾಗಕ್ಕೆ ಹೊಸತು ಬಂದಿದೆ. ಹಳೆಯದಕ್ಕೆ ಜನ ಹೆದರುತ್ತಿದ್ದರು. ಹೊಸದಕ್ಕೆ ಹೆದರಲು ಇನ್ನೂ ಕಲಿತಿಲ್ಲ.

ಪೆನ್ಸಿಲಿನ ಎರಡೂ ತುದಿ ಕೆತ್ತಿ, ಬ್ಯಾಟರಿ ಬಲ್ಬಿಗೆ ಜೋಡಿಸಿ ಬಲ್ಬು ಉರಿಸುವ ಪ್ರಯೋಗವನ್ನು ಎಂಟನೇ ಕ್ಲಾಸಿನಲ್ಲಿ ವರ್ಷವರ್ಷ ಮಾಡಿಸಿದ್ದೇನೆ. ಪೆನ್ಸಿಲಿನ ಕಡ್ಡಿ ಗ್ರಾಫೈಟು, ಕರೆಂಟು ಹರಿಸುವ ಇಂಗಾಲ. ಕಾರ್ಬನ್ ಫೈಬರಿನ ಒಳಗೂ ಅದೇ ಬಗೆಯ ಪದರಗಳು. ತಾಮ್ರಕ್ಕೆ ಹೋಲಿಸಿದರೆ ಸಾವಿರ ಪಾಲು ಕೆಟ್ಟ ವಾಹಕ, ನಿಜ. ಆದರೆ ಆ ‘ಕೆಟ್ಟ’ ಎಷ್ಟು ಕೆಟ್ಟದ್ದು ಎಂದು ಲೆಕ್ಕ ಹಾಕಿ: ಹದಿನೆಂಟು ಮೀಟರಿನ ಕೊಳವೆಯಲ್ಲಿ ಎಳೆಗಳ ತಡೆ ಹತ್ತು ಓಮ್ ಕೂಡ ಬರುವುದಿಲ್ಲ. ಒದ್ದೆ ಮೈಯ ತಡೆ ಸುಮಾರು 1,000 ಓಮ್. ಅಂದರೆ ದೋಟಿ ಇದ್ದರೂ ಒಂದೇ, ತಂತಿಯನ್ನೇ ಕೈಯಲ್ಲಿ ಹಿಡಿದರೂ ಒಂದೇ. ಮನೆಯ 230 ವೋಲ್ಟಿನ ಲೈನೇ ಕಾಲು ಆಂಪಿಯರ್ ಹತ್ತಿರ ಹರಿಸುತ್ತದೆ. ಹೃದಯದ ಲಯ ತಪ್ಪಿಸಲು ಅದರ ಕಾಲು ಭಾಗವೇ ಸಾಕು. ಮೇಲಿನ ರಾಳದ ಹೊಳಪು ತಡೆಯುತ್ತದೆ ಎನ್ನುವವರಿದ್ದಾರೆ. 11,000 ವೋಲ್ಟಿನ ಮುಂದೆ ಆ ಹೊಳಪು ಬಾಳೆಎಲೆಯ ಛತ್ರಿ.

ಕೈ ಹಿಡಿಯುವ ಕೆಳಗಿನ ತುಂಡನ್ನು ಗ್ಲಾಸ್ ಫೈಬರಿನದು ಮಾಡಬಹುದು. ಲೈನ್‌ಮ್ಯಾನ್‌ಗಳ ಕೋಲು ಅದರದ್ದೇ, ಅಡಿಗೆ ಒಂದು ಲಕ್ಷ ವೋಲ್ಟಿನಂತೆ ಪರೀಕ್ಷೆ ಮಾಡಿದ್ದು. ಆದರೆ ಅವರು ಅದನ್ನು ಒರೆಸಿ ಒಣಗಿಸಿ ಚೀಲದಲ್ಲಿ ಇಡುತ್ತಾರೆ. ನಮ್ಮದರ ಮೇಲೆ ಸುಣ್ಣ, ಕೆಸರು, ಮಳೆ. ಪಕ್ಕದಲ್ಲೇ ಮೈಲುತುತ್ತಿನ ನೀರು ತುಂಬಿದ ಪೈಪು. ಕಾಲು ತೋಟದ ಕಣಿಯ (ಕಾಲುವೆಯ) ನೀರಿನಲ್ಲಿ.

ಲೈನು ಇದ್ದಲ್ಲಿಗೆ ಒಯ್ಯದಿದ್ದರೆ ಆಯಿತು ಎಂದರಲ್ಲ? ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ (2023ರವರೆಗೆ ಇದ್ದ) ನಿಯಮದಂತೆ ರಸ್ತೆಯಿಂದ ಹೊರಗೆ 11,000 ವೋಲ್ಟಿನವರೆಗಿನ ಬರಿ ತಂತಿ ನೆಲದಿಂದ 4.6 ಮೀಟರ್ ಎತ್ತರದಲ್ಲಿದ್ದರೆ ಸಾಕಿತ್ತು. ದೋಟಿ ಹದಿನೆಂಟು ಮೀಟರ್. ಅದು ವಾಲಿ ಬಿದ್ದರೆ ಬುಡದಿಂದ ಹದಿನೆಂಟು ಮೀಟರ್ ತ್ರಿಜ್ಯದ ಒಳಗೆ ಎಲ್ಲಿ ಬೇಕಾದರೂ ತಾಗುತ್ತದೆ. ತೋಟದಲ್ಲಿ ಮರಗಳ ಅಂತರ 2.7 ಮೀಟರ್. ಹತ್ತು ಮರ ಎಂದು ಭಾವ ಎಣಿಸಿದ್ದು ತಂತಿಯ ಅಡಿಯವನ್ನು ಮಾತ್ರ. ತಂತಿಯ ಎರಡೂ ಬದಿಗೆ ಆರಾರು ಸಾಲು ಮರಗಳು ಆ ಲೆಕ್ಕಕ್ಕೆ ಬರುತ್ತವೆ. ಅಷ್ಟೆಲ್ಲ ಬಿಟ್ಟರೆ ಮತ್ತೆ ತೋಟ ಎಲ್ಲಿದೆ?

ಇನ್ನು ವಾಲುವ ವಿಷಯ. ದೋಟಿ ಮತ್ತು ಪೈಪು ಸೇರಿ ಐದು ಕಿಲೋ, ಅದರ ಭಾರಕೇಂದ್ರ ಎಂಟು ಮೀಟರ್ ಮೇಲೆ ಎಂದುಕೊಳ್ಳಿ. ನೆಟ್ಟಗೆ ಇದ್ದರೆ ಬರಿಯ ಐದು ಕಿಲೋ. ಹತ್ತು ಡಿಗ್ರಿ ಬಾಗಿಸಿದ ಕೂಡಲೇ ಕೈ ಚಾಚಿ ಅರ್ಧ ಮೀಟರ್ ಆಚೆ ಹದಿನಾಲ್ಕು ಕಿಲೋ ಹಿಡಿದಷ್ಟು ತಿರುಚು ಸೊಂಟಕ್ಕೆ ಬರುತ್ತದೆ. ಹಾಗಾದರೆ ಬಾಗಿಸದಿದ್ದರೆ? ಆಗ ನೀವು ಗೊನೆಯ ನೇರ ಅಡಿಯಲ್ಲಿ ನಿಂತಿರುತ್ತೀರಿ. ಹದಿನೈದು ಮೀಟರಿನಿಂದ ಆರು ಕಿಲೋದ ಗೊನೆ ಬಂದರೆ ಅದರಲ್ಲಿ 880 ಜೂಲ್ ಶಕ್ತಿ. ಯುರೋಪಿನ ಕೈಗಾರಿಕಾ ಹೆಲ್ಮೆಟ್ಟನ್ನು ಪರೀಕ್ಷಿಸುವುದು ಐದು ಕಿಲೋದ ಗುಂಡನ್ನು ಒಂದು ಮೀಟರಿನಿಂದ ಬೀಳಿಸಿ, ಅಂದರೆ 49 ಜೂಲಿಗೆ. ಉದುರಿದ ಒಂಟಿ ಅಡಿಕೆಗೆ ಹೆಲ್ಮೆಟ್ಟು ಒಳ್ಳೆಯದೇ, ಇಡೀ ಗೊನೆಗೆ ಅದು ಮುಟ್ಟಾಳೆ, ಬರಿಯ ಹಾಳೆಯ ಟೊಪ್ಪಿ. ಮರದಿಂದ ದೂರ ನಿಂತರೆ ಸೊಂಟ ಹೋಗುತ್ತದೆ, ಹತ್ತಿರ ನಿಂತರೆ ತಲೆ. ಇವೆರಡರ ನಡುವಿನ ಅಂತರವನ್ನು ಹುಡುಗರು ಕಣ್ಣಂದಾಜಿನಲ್ಲಿ ಹುಡುಕುತ್ತಿದ್ದಾರೆ, ದಿನಕ್ಕೆ ನೂರಾರು ಸಲ, ಕತ್ತು ಮೇಲೆತ್ತಿಕೊಂಡೇ. ಮದ್ದಿನ ದಿನವಾದರೆ ಆ ಎತ್ತಿದ ಮುಖಕ್ಕೆ ಸುಣ್ಣ ಬೆರೆತ ಹನಿ. ಕನ್ನಡಕ ಹಾಕು ಎಂದರೆ ‘ಮಬ್ಬಾಗ್ತದೆ ಮಾಷ್ಟ್ರೇ’ ಎನ್ನುತ್ತಾರೆ. ಮಬ್ಬಾಗುವುದೂ ನಿಜವೇ.

ಮೇಲೆ ಹೋದವನು ಬರಿಯ ಕೈಯಲ್ಲ, ಕಣ್ಣು ಕೂಡ. ಯಾವ ಸಿಂಗಾರ (ಹೂಗೊಂಚಲು) ಒಣಗುತ್ತಿದೆ, ಯಾವ ಗೊನೆಗೆ ಮೊದಲ ನೀರುಕಲೆ ಬಂದಿದೆ ಎಂದು ಮೇಲಿನಿಂದಲೇ ಕೂಗಿ ಹೇಳುತ್ತಿದ್ದರು. ಈಗ ಕೊಳೆ ಬಂದದ್ದು ಗೊತ್ತಾಗುವುದು ಕಾಯಿ ಉದುರಿದ ಮೇಲೆ. ಈ ನಷ್ಟವನ್ನು ಕಿಲೋದಲ್ಲಿ ತೂಗಲು ನನ್ನಲ್ಲಿ ತಕ್ಕಡಿಯಿಲ್ಲ.

ಹಾಗಾದರೆ ಏನು? ನಿಜವಾಗಿ ಮೊದಲ ಮೆಟ್ಟಿಲು ಎಂದರೆ ಮರವನ್ನೇ ಗಿಡ್ಡ ಮಾಡುವುದು. ಹಿರೇಹಳ್ಳಿ ಗಿಡ್ಡ ತಳಿಗೆ ಸುಮಂಗಳ, ಮೋಹಿತ್‌ನಗರ ತಳಿಗಳನ್ನು ಬೆರೆಸಿ ವಿಟ್ಲದವರು ಎರಡು ಗಿಡ್ಡ ಸಂಕರ ತಳಿ ಕೊಟ್ಟಿದ್ದಾರೆ. ಹೊಸ ತೋಟ ಹಾಕುವವರು ನೋಡಬೇಕು. ನನ್ನ ಪ್ರಾಯಕ್ಕೆ ಅದು ಆಗುವ ಮಾತಲ್ಲ. ಅಲ್ಲಿವರೆಗೆ ದೋಟಿ ಇರಲಿ, ಸೊಂಟಪಟ್ಟಿ ಕಟ್ಟಿ ಹತ್ತುವ ನಾಲ್ಕು ಜನರೂ ಊರಲ್ಲಿ ಇರಲಿ. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಕೇರಳದ ಹುಡುಗ ಹುಡುಗಿಯರಿಗೆ ಯಂತ್ರದಲ್ಲಿ ತೆಂಗು ಹತ್ತಲು ಕಲಿಸಲು ಹೊರಟಾಗ ನಕ್ಕವರು ಎಷ್ಟು ಜನ! ಆಮೇಲೆ ಕಾಯಿ ಕೀಳಿಸಲು ಅವರನ್ನೇ ಫೋನು ಮಾಡಿ ಕರೆದರು.

ಭಾವನ ತೋಟದ ಪಂಪುಶೆಡ್ಡಿಗೆ ಹೋಗುವ ತ್ರೀ ಫೇಸ್ ಲೈನಿನ ಎತ್ತರವನ್ನು ಮೊನ್ನೆ ಬಿಸಿಲಿನಲ್ಲಿ ನೆರಳು ಅಳೆದು ಲೆಕ್ಕ ಹಾಕಿದೆ, ಕಂಬದ ಬಳಿ ಆರು ಮೀಟರ್, ನಡುವೆ ಜೋತಲ್ಲಿ ಐದೂ ಇಲ್ಲ. ದೋಟಿ ವಾಲಿದರೆ ತಾಗುವ ಮರಗಳನ್ನು ಎಣಿಸುತ್ತಾ ಹೋಗಿ ಎಪ್ಪತ್ತಾರಕ್ಕೆ ನಿಂತೆ. ಮದ್ದಿಗೆಂದು ತಂದ ಸುಣ್ಣ ಒಂದು ಬಕೆಟ್ ಉಳಿದಿತ್ತು. ಆಳೆತ್ತರಕ್ಕೆ ಒಂದೊಂದು ಬಿಳಿ ಪಟ್ಟಿ ಬಳಿದು ಬಂದಿದ್ದೇನೆ. ಭಾವ ಹತ್ತು ಎಂದು ಬರೆದದ್ದನ್ನು ನಾನು ಓದಿದ್ದು ಆಮೇಲೆ.