ರಾಗ ಹಾಕದೆ ಬಿಟ್ಟ ಮಾತು

ನ್ಯೂಜೆರ್ಸಿಯ ಕನ್ನಡ ವೇದಿಕೆಗಳಿಗೆ ಬಂಡಾಯದ ಕವಿತೆ ಬಂದರೂ ಹಾರ್ಮೋನಿಯಂ, ತಬಲಾ, ಕೀಬೋರ್ಡ್ ಕರೆದುಕೊಂಡೇ ಬರುತ್ತದೆ. ಕವಿತೆಗೆ ರಾಗ ಹಾಕಲೇಬೇಕು ಅನ್ನುವುದು ನಮ್ಮ ರೂಢಿ. ಹಡ್ಸನ್ ನದಿಯಾಚೆ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಕವಿ-ಗಾಯಕ ಗಿಲ್ ಸ್ಕಾಟ್-ಹೆರಾನ್ ಹಿಡಿದ ದಾರಿಯೇ ಬೇರೆ.

ಆತನ 1971ರ 'ಪೀಸಸ್ ಆಫ್ ಎ ಮ್ಯಾನ್' ಆಲ್ಬಮ್ಮಿನ ಮೊದಲ ಹಾಡು, ಟಿವಿ ಜಾಹೀರಾತುಗಳನ್ನು ಅಣಕಿಸುವ 'ದ ರೆವಲ್ಯೂಷನ್ ವಿಲ್ ನಾಟ್ ಬಿ ಟೆಲಿವೈಸ್ಡ್' ಕೇಳಿ. 1970ರ ಆತನ ಆಲ್ಬಮ್ಮಿನಲ್ಲಿ ಇದೇ ಪದ್ಯಕ್ಕೆ ಇದ್ದದ್ದು ಕೈಯಲ್ಲಿ ಬಾರಿಸುವ ಕಾಂಗಾ, ಬಾಂಗೊ ಡ್ರಮ್‌ಗಳು ಮಾತ್ರ. ಮರುವರ್ಷ ರಾನ್ ಕಾರ್ಟರ್ ಬೇಸ್ (ತಗ್ಗು ಸ್ವರದ ತಂತಿವಾದ್ಯ), ಬರ್ನಾರ್ಡ್ ಪರ್ಡಿ ಡ್ರಮ್ಸ್, ಹ್ಯೂಬರ್ಟ್ ಲಾಸ್ ಕೊಳಲು ಬಂದು ಕೂತರೂ ಮಾತು ಮಾತಾಗಿಯೇ ಉಳಿಯಿತು. ಬೇಸ್ ಕೆಳಗೆ ಒಂದೇ ಎಳೆಯನ್ನು ಸುತ್ತುತ್ತದೆ, ಕೊಳಲು ಮೇಲೆ ಸುಳಿಯುತ್ತದೆ, ನಡುವಿನ ಜಾಗ ಪೂರ್ತಿ ದನಿಯದು. ನಮ್ಮಲ್ಲಿ ಆ ಜಾಗಕ್ಕೇ ಕೀಬೋರ್ಡಿನ ಸ್ಟ್ರಿಂಗ್ಸ್, ಅಂದರೆ ಪಿಟೀಲು ಮೇಳದಂಥ ದನಿ, ತುಂಬುತ್ತಾರೆ. ವ್ಯಂಜನಗಳು ಮುಳುಗಿಹೋಗುತ್ತವೆ, ಮೈಕ್ ಎಷ್ಟು ಏರಿಸಿದರೂ ಪದ ಕೇಳುವುದಿಲ್ಲ.

ಹಾಗಂತ ಅವರದ್ದನ್ನೇ ನಕಲು ಮಾಡಿದರೆ ಕೆಡುತ್ತದೆ. ಇಂಗ್ಲಿಷಿನಲ್ಲಿ ಎಷ್ಟೋ ಪದ ವ್ಯಂಜನದಲ್ಲಿ ಮುಗಿಯುತ್ತವೆ, ಸಾಲಿನ ಕೊನೆಗೇ ಏಟು ಬೀಳುತ್ತದೆ. ಕನ್ನಡದ ಪದ ಮುಗಿಯುವುದು ಸಾಮಾನ್ಯವಾಗಿ ಸ್ವರದಲ್ಲಿ. ಏಟು ಇರುವುದು ನಡುವಿನ ಒತ್ತಕ್ಷರದಲ್ಲಿ. 'ರಟ್ಟೆ ಸೋತರೂ ರೊಟ್ಟಿ ಇಲ್ಲ' ಅಂತ ಹೇಳಿ ನೋಡಿ: ಟ್ಟೆ, ಟ್ಟಿ, ಲ್ಲ. ರಾಗ ಹಾಕುವವರು ಕೊನೆಯ 'ಇಲ್ಲಾ…' ಎಳೆದ ಕೂಡಲೇ ಸಿಟ್ಟು ಹೋಗಿ ಗೋಳು ಉಳಿಯುತ್ತದೆ. ಇಂಥ ಹಾಡಿನ ನಾಲ್ಕೆಣಿಕೆಯ ಆವರ್ತದಲ್ಲಿ ಸ್ನೇರ್ (ಡ್ರಮ್ಸಿನಲ್ಲಿ ಚುರುಕು ಏಟಿನ ಡ್ರಮ್) ಬೀಳುವುದು ಎರಡು, ನಾಲ್ಕನೇ ಎಣಿಕೆಗೆ. ಸಾಲನ್ನು ಸಮಕ್ಕೆ, ಅಂದರೆ ಮೊದಲ ಎಣಿಕೆಗೆ, ಎತ್ತುವ ಅಭ್ಯಾಸ ಬಿಟ್ಟು ಅರ್ಧ ಎಣಿಕೆ ತಡವಾಗಿ ಎತ್ತಿ, ಒಂದೆರಡು ಒತ್ತಕ್ಷರವಾದರೂ ಸ್ನೇರಿನ ಮೇಲೆ ಕೂರಲಿ. ಎಲ್ಲವನ್ನೂ ಕೂರಿಸಿದರೆ ಮಗ್ಗಿ ಒಪ್ಪಿಸಿದಂತಾಗುತ್ತದೆ.

ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದದ್ದು 1975ರಲ್ಲಿ. ಆ ಕಾಲದ ಹೋರಾಟದ ಪದಗಳಿಗೆ ತಮಟೆ ಸಾಕಾಗುತ್ತಿತ್ತು. ಅದು 1970ರ ಕಾಂಗಾಕ್ಕೆ ಸಮ. ಮುಂದಿನ ಹೆಜ್ಜೆಯಲ್ಲಿ ನಾವು ಬೇಸ್ ಸೇರಿಸುವ ಬದಲು ಭಾವಗೀತೆಯ ಕಡೆ ಹೊರಳಿದೆವು ಅನ್ನುವುದು ನನ್ನ ತಕರಾರು.

ರಾಗವೇ ಬೇಡ ಅಂತಲ್ಲ. 'ಪೀಸಸ್ ಆಫ್ ಎ ಮ್ಯಾನ್' ಆಲ್ಬಮ್ಮಿನ ಉಳಿದ ಹಾಡುಗಳನ್ನು ಸ್ಕಾಟ್-ಹೆರಾನ್ ಹಾಡಿಯೇ ಹಾಡುತ್ತಾನೆ. ಕೆಲಸ ಕಳಕೊಂಡ ಅಪ್ಪ ಕುಸಿಯುವುದನ್ನು ಮಗ ಕಾಣುವ ಶೀರ್ಷಿಕೆ ಗೀತೆಗೆ ರಾಗ ಬೇಕೇ ಬೇಕು. ಟಿವಿ ಜಾಹೀರಾತಿನ ಅಣಕಕ್ಕೆ ಬೇಡ.